ಗುರುವಾರ ಸಾಣೆಚಕ್ರ ತಿರುಗಿರಲಿಲ್ಲ

ಪೊಲೀಸ್ ದಾಖಲೆ ಕೊಠಡಿ, ನೆಲಮಾಳಿಗೆ
ಹನ್ನೊಂದನೇ ತಾರೀಖು, ಶನಿವಾರ ಮಧ್ಯಾಹ್ನ

ಅಮ್ಮಾ,

ನಿನ್ನ ಇಲಿಮರಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆದು ಎರಡು ಹಾಳೆ ಹರಿದು ಹಾಕಿದೆ. ಚೆನ್ನಾಗಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಕೆಲಸವೂ ಹೋಗಿಲ್ಲ. ಗಾಬರಿಯಾಗಿ ಬಸ್ಸು ಹತ್ತಿ ಬಂದುಬಿಡಬೇಡ. ಕನ್ನಡಕ ಹಾಕಿಕೊಂಡು ಕೂತುಕೋ, ಇದು ಉದ್ದದ ಕಾಗದ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಹೇಳಿದರೆ ಒಲೆ ಮೇಲೆ ಹಾಲಿದೆ ಕಣೇ ಎಂದು ಇಟ್ಟುಬಿಡುತ್ತೀಯ. ಎದುರಿಗೆ ಬಂದರೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತುಬಿಡುತ್ತೀಯ. ಚಿಕ್ಕಮ್ಮನ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದದ್ದನ್ನು ನಾನು ನೋಡಿಕೊಂಡೇ ಬೆಳೆದೆ. ಅದಕ್ಕೇ ಕಾಗದ. ಕಾಗದ ಅಡ್ಡ ಮಾತಾಡುವುದಿಲ್ಲ, ನೀನು ಎದ್ದು ಹೋದರೂ ಅಲ್ಲೇ ಇರುತ್ತದೆ.

ನಮ್ಮ ಕೊಠಡಿ ಖಾಲಿ ಮಾಡುತ್ತಿದ್ದಾರೆ ಎಂದು ಮೊನ್ನೆ ಹೇಳಿದ್ದೆನಲ್ಲ. ನಲವತ್ತು ವರ್ಷ ದಾಟಿದ ಕಾಗದವೆಲ್ಲ ಈ ತಿಂಗಳ ಮೂವತ್ತಕ್ಕೆ ಲಾರಿ ಹತ್ತಿ ಕಾಗದದ ಗಿರಣಿಗೆ ಹೋಗುತ್ತದೆ. ಒಂದೊಂದು ಕಟ್ಟನ್ನೂ ಬಿಚ್ಚಿ, ಓದಿ, ಮೇಲೆ ಒಂದು ಸಾಲು ಬರೆದು, ಇರಲಿ ಅಥವಾ ಹೋಗಲಿ ಎಂದು ಗುರುತು ಹಾಕುವುದು ನನ್ನ ಕೆಲಸ. ಮೂರು ತಿಂಗಳ ಹಿಂದೆ, ಗೋಡೆಗೆ ತಾಗಿದ ಕೆಳಗಿನ ಹಲಗೆಯಲ್ಲಿ, ಗೆದ್ದಲು ಅಂಚು ತಿಂದ ಒಂದು ದಪ್ಪ ಕಟ್ಟು ಸಿಕ್ಕಿತು. ಮೇಲೆ ಬರೆದಿತ್ತು: ಮುಸ್ಸಂಜೆ ಕೊಲೆಗಳು, ಮುಕ್ತಾಯ.

ನಿಯಮದ ಪ್ರಕಾರ ನಾನು ಸಾಹೇಬರಿಗೆ ಹೇಳಿ ಆ ಕಟ್ಟನ್ನು ಬೇರೆಯವರ ಕೈಗೆ ಕೊಡಬೇಕಿತ್ತು, ಯಾಕೆಂದರೆ ಅದರೊಳಗೆ ನನ್ನ ಸ್ವಂತ ಚಿಕ್ಕಮ್ಮನ ಶವಪರೀಕ್ಷೆಯ ವರದಿ ಇದೆ. ಕೊಡಲಿಲ್ಲ. ಬಾಗಿಲು ಹಾಕಿಕೊಂಡು ಓದಿದೆ. ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಹೇಳುತ್ತೇನೆ, ಕಾಗದದಲ್ಲಿ ಇದ್ದ ಹಾಗೆ. ನೀನು ಹೇಳಿಕೊಂಡು ಬಂದ ಕಥೆ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂದು ನೀನೇ ನೋಡಿಕೋ.

ಹನ್ನೊಂದು ವಾರದಲ್ಲಿ ಆರು ಹೆಂಗಸರು. ಎಲ್ಲರೂ ಕೆಲಸ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ನಡೆದು ಹೋಗುತ್ತಿದ್ದವರು. ಮೊದಲನೆಯವಳು ಬಟ್ಟೆ ಒಗೆಯುವ ಅಂಗಡಿಯವಳು. ನೆತ್ತರು ಗೋಡೆಯ ಮೇಲೆ ಎದೆಯೆತ್ತರಕ್ಕೆ ಚಿಮ್ಮಿತ್ತು, ಅವಳು ಇಸ್ತ್ರಿ ಮಾಡಿ ಹೊತ್ತಿದ್ದ ಬಿಳಿ ಹೊದಿಕೆಗಳೆಲ್ಲ ತೋಯ್ದು ಹಲಗೆಯಂತಾಗಿದ್ದವು. ಎರಡನೆಯವಳು ನರ್ಸು. ಬೀಗದ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅದು ಅಂಗೈ ಚರ್ಮ ಹರಿದು ಒಳಗೆ ಹೊಕ್ಕಿತ್ತು. ಮೂರನೆಯವಳು ಶಾಲಾ ಟೀಚರು, ಅಲಗನ್ನೇ ಕೈಯಲ್ಲಿ ಹಿಡಿದಿರಬೇಕು, ಎರಡು ಬೆರಳು ಬರೀ ಚರ್ಮಕ್ಕೆ ನೇತಾಡುತ್ತಿದ್ದವು. ನಾಲ್ಕು ಮತ್ತು ಐದು ನಿಮ್ಮ ಬಟ್ಟೆ ಕಾರ್ಖಾನೆಯ ಹೊಲಿಗೆಯವರು. ಆರನೆಯವಳು ನಿನ್ನ ತಂಗಿ, ಹತ್ತೊಂಬತ್ತು ವರ್ಷ.

ಆರೂ ಜನರಿಗೆ ಹಿಂದಿನಿಂದ ಒಂದೇ ಸೀಳು, ಎಡಗಿವಿಯ ಕೆಳಗೆ ಶುರುವಾಗಿ ಬಲಕ್ಕೆ, ಕತ್ತಿನ ಮೂಳೆ ಕಾಣುವಷ್ಟು ಆಳ. ಪತ್ರಿಕೆಗೆ ಕೊಡದೆ ಬಚ್ಚಿಟ್ಟ ಒಂದು ಸಂಗತಿಯನ್ನು ಡಾಕ್ಟರು ಆರೂ ವರದಿಯಲ್ಲಿ ಬರೆದಿದ್ದಾರೆ. ಕೊಂದಾದ ಮೇಲೆ ಅವನು ಹೆಂಗಸರ ಬಾಯಿ ತೆರೆದು, ಯಂತ್ರ ಒರೆಸುವ ಹತ್ತಿಚಿಂದಿಯನ್ನು ಗಂಟಲವರೆಗೂ ತುರುಕುತ್ತಿದ್ದ. ಚಿಕ್ಕಮ್ಮನ ಬಾಯಿಂದ ಒಂದು ಹಿಡಿ ತೆಗೆದರಂತೆ. ಇದು ನಿನಗೆ ಗೊತ್ತಿರಲಿಲ್ಲ. ನಾನು ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಅಲಗು ಅಷ್ಟು ಹರಿತವಾಗಿದ್ದರಿಂದ ಊರಿನ ಕಣ್ಣೆಲ್ಲ ಸಾಣೆ ಹಿಡಿಯುವವರ ಮೇಲೆ ಬಿತ್ತು. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ. ಚಾಕು ಸಾಣೆ ಹಿಡಿಸಲು ಜನ ಬಾಗಿಲು ತೆರೆಯುವುದನ್ನೇ ನಿಲ್ಲಿಸಿದರು.

ಇನ್ನು ನಿನ್ನ ಕಥೆ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದು, ಒಂದಕ್ಷರ ಬದಲಾಗದೆ. ಗುರುವಾರ ಸಂಜೆ ನೀನೂ ಚಿಕ್ಕಮ್ಮನೂ ಒಟ್ಟಿಗೇ ಹೊರಟಿರಿ. ಮೂಲೆಯಲ್ಲಿ ನಿನ್ನ ಚಪ್ಪಲಿಯ ಬಾರು ಕಿತ್ತಿತು, ನೀನು ನಿಂತೆ, ಅವಳು ನಾಲ್ಕು ಹೆಜ್ಜೆ ಮುಂದೆ ಹೋದಳು. ಸಂದಿಯೊಳಗಿಂದ ಸಾಣೆಚಕ್ರದ ಸದ್ದು ಬಂತು, ಕಿರ್ರ್ ಎಂದು. ನಿಂತುಹೋಯಿತು. ಓಡಿ ಹೋಗಿ ನೋಡಿದರೆ ಚಿಕ್ಕಮ್ಮ ಬಿದ್ದಿದ್ದಳು, ಭಯಕ್ಕೆ ನೀನು ಜನ ಸೇರುವವರೆಗೆ ಅಡಗಿ ಕೂತೆ. ಅದಕ್ಕೇ ನಮ್ಮ ಮನೆಗೆ ಸಾಣೆಯವನು ಎಂದೂ ಬರಲಿಲ್ಲ. ನಮ್ಮ ಚಾಕುವಿನಲ್ಲಿ ಟೊಮೇಟೊ ಕೊಯ್ಯುವ ಬದಲು ಹಲ್ಲಿನಲ್ಲಿ ಕಚ್ಚುವುದು ಸುಲಭವಾಗಿತ್ತು. ಅಪ್ಪ ಮಾತ್ರ, ನೀನು ಈ ಕಥೆ ಶುರು ಮಾಡಿದ ಕೂಡಲೇ, ಬೀಡಿ ಸೇದಲು ಆಚೆ ಹೋಗುತ್ತಿದ್ದರು. ದುಃಖಕ್ಕೆ ಅಂದುಕೊಂಡಿದ್ದೆ.

ಶುಕ್ರವಾರ ಬೆಳಗ್ಗೆ ನೀನು ಠಾಣೆಯಲ್ಲಿ ಕೊಟ್ಟ ಹೇಳಿಕೆ ಕಟ್ಟಿನ ಇನ್ನೂರ ಹನ್ನೆರಡನೇ ಹಾಳೆ. ಅದೇ ಮಾತು, ಅದೇ ಬಾರು, ಅದೇ ಕಿರ್ರ್. ಕೊನೆಯಲ್ಲಿ, ಆ ಬೀದಿಗೆ ಬರುವ ಸಾಣೆಯವನು ಒಬ್ಬನೇ ಎಂದು ಹೇಳಿದ್ದೀಯ. ಕೆಳಗೆ ನಿನ್ನ ಸಹಿ. ಈಗಿನ ಹಾಗೆ ನಡುಗುವ ಸಹಿಯಲ್ಲ, ಇಪ್ಪತ್ತನಾಲ್ಕು ವರ್ಷದ ನೆಟ್ಟಗಿನ ಸಹಿ.

ಇನ್ನೂರ ಹದಿನೆಂಟನೇ ಹಾಳೆ ಅಪ್ಪನದು. ಹೌದು, ನಮ್ಮ ಅಪ್ಪನದೇ. ಅಚ್ಚುಕೂಟದ ಕೆಲಸಗಾರ ದಿನಾ ಸಂಜೆ ಕಾರ್ಖಾನೆ ಗೇಟಿನ ಹತ್ತಿರ ಸುಳಿದಾಡುತ್ತಾನೆ ಎಂದು ಯಾರೋ ಚಾಡಿ ಹೇಳಿ, ಅವರನ್ನೂ ಅದೇ ಬೆಳಗ್ಗೆ ಠಾಣೆಗೆ ಕರೆಸಿದ್ದರು. ಬೇರೆ ಕೋಣೆ, ಬೇರೆ ಬರಹಗಾರ. ಅಪ್ಪ ಹೆದರಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಿದ್ದಾರೆ. ಗುರುವಾರ ಆರೂಕಾಲಿನಿಂದ ಏಳು ಗಂಟೆಯವರೆಗೆ ಅಚ್ಚುಕೂಟದ ಮಹಡಿಯ ಮೇಲೆ, ಕಾಗದದ ಉರುಳೆಗಳ ಹಿಂದೆ, ತಾನು ಒಬ್ಬಳ ಜೊತೆ ಇದ್ದೆ, ಮದುವೆಯಾಗಬೇಕು ಅಂದುಕೊಂಡಿದ್ದೇವೆ, ದಯವಿಟ್ಟು ಅವಳ ಮನೆಗೆ ತಿಳಿಸಬೇಡಿ. ಅಲ್ಲಿರುವ ಹೆಸರು ನಿನ್ನದು.

ಮೂರನೇ ಕೊಲೆಯ ಮೇಲೆ ಕಾರ್ಖಾನೆಯಲ್ಲಿ ಒಂದು ನಿಯಮ ಬಂದಿತ್ತಲ್ಲ, ಹೆಂಗಸರು ಇಬ್ಬಿಬ್ಬರಾಗಿಯೇ ಹೊರಗೆ ಹೋಗಬೇಕು, ಜೋಡಿಯಾಗಿ ಒಂದೇ ಸಾಲಿನಲ್ಲಿ ಸಹಿ ಹಾಕಬೇಕು ಎಂದು. ಆ ಗೇಟಿನ ಪುಸ್ತಕವೂ ಕಟ್ಟಿನಲ್ಲಿದೆ. ಆರು ಗಂಟೆ ಹತ್ತು ನಿಮಿಷ, ನಿಮ್ಮಿಬ್ಬರ ಸಹಿ ಒಂದೇ ಸಾಲಿನಲ್ಲಿದೆ. ಹಿಂದಿನ ಹಾಳೆಗಳನ್ನು ತಿರುವಿದೆ. ಚಿಕ್ಕಮ್ಮ ದಿನಾ ನಿನ್ನ ಜೋಡಿ. ದಿನಾ ಗೇಟು ದಾಟಿದ ಮೇಲೆ ನೀನು ಎಡಕ್ಕೆ, ಅವಳು ಬಲಕ್ಕೆ ಎಂದು ಅಪ್ಪನೇ ಹೇಳಿದ್ದಾರೆ. ಅಜ್ಜಿಗೆ ಗೊತ್ತಾಗಬಾರದೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ಅಕ್ಕನ ಗುಟ್ಟು ಕಾಯಲು ಆ ಹುಡುಗಿ ಕತ್ತಲಾಗುವ ಬೀದಿಯಲ್ಲಿ ಒಬ್ಬಳೇ ನಡೆಯುತ್ತಿದ್ದಳು.

ಇಷ್ಟಕ್ಕೆ ನಾನು ನಿನ್ನ ಮೇಲೆ ಸಿಟ್ಟಾಗುವವಳಲ್ಲ. ಪ್ರೀತಿ ಮಾಡಿದೆ, ಕದ್ದು ಹೋದೆ. ಇಲ್ಲದಿದ್ದರೆ ನಾನೇ ಇರುತ್ತಿರಲಿಲ್ಲ. ಏಳು ಗಂಟೆಗೆ ಬಂದು ನೋಡಿದಾಗ ಜನ ಸೇರಿದ್ದರು, ಅಜ್ಜಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು, ನೀನು ಎಲ್ಲೇ ಹಾಳಾಗಿ ಹೋಗಿದ್ದೆ ಎಂದು ಕೇಳಿರಬೇಕು. ಆಗ ನಿನ್ನ ಬಾಯಿಂದ ಚಪ್ಪಲಿಯ ಬಾರು ಬಂತು. ಬಾರಿನ ಹಿಂದೆಯೇ ಚಕ್ರದ ಸದ್ದು ಬಂತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ. ಆದರೆ ಅಮ್ಮಾ, ಸುಳ್ಳು ಹೇಳುವವರಿಗೆ ಅದೃಷ್ಟ ಬೇಕು. ನಿನಗೆ ಅದೂ ಇರಲಿಲ್ಲ.

ಜಪ್ತಿ ಪುಸ್ತಕ ಎಂದು ಒಂದಿರುತ್ತದೆ. ಠಾಣೆಯವರು ಯಾರ ಯಾವ ಸಾಮಾನು ವಶಕ್ಕೆ ತೆಗೆದುಕೊಂಡರು, ಯಾವತ್ತು ವಾಪಸು ಕೊಟ್ಟರು ಎಂದು ಬರೆದಿಡುವ ಪುಸ್ತಕ. ಚಿಕ್ಕಮ್ಮ ಸತ್ತ ವಾರದ ಸೋಮವಾರ, ಅಂದರೆ ಮೂರು ದಿನ ಮೊದಲು, ಊರಿನ ಹನ್ನೊಂದು ಸಾಣೆಯವರ ಚಕ್ರಗಳನ್ನೂ ಠಾಣೆಗೆ ಎಳೆಸಿದ್ದರು, ಯಾರ ಚಕ್ರದ ಮೇಲೆ ನೆತ್ತರಿನ ಕಲೆ ಇದೆ ನೋಡಲು. ಏಳನೆಯ ಸಾಲಿನಲ್ಲಿ ನಿಮ್ಮ ಬೀದಿಯವನ ಹೆಸರಿದೆ. ಕಾಲಿನಿಂದ ತುಳಿಯುವ ಮರದ ಸಾಣೆಚಕ್ರ ಒಂದು. ರಸೀದಿ ಕೊಡಲಾಗಿದೆ. ವಾಪಸು ಎನ್ನುವ ಜಾಗ ಖಾಲಿ.

ನಂಬಿಕೆಯಾಗದೆ ಠಾಣೆಯ ಉಗ್ರಾಣದ ಬೀಗ ತೆಗೆಸಿ ಹುಡುಕಿದೆ. ಮುರಿದ ಸೈಕಲ್ಲುಗಳ ಹಿಂದೆ ಇತ್ತು. ಹಿಡಿಗೆ ಕಟ್ಟಿದ ಚೀಟಿಯಲ್ಲಿ ಸೋಮವಾರದ ತಾರೀಖು. ಗುರುವಾರ ಆ ಚಕ್ರ ಯಾವ ಬೀದಿಯಲ್ಲೂ ತಿರುಗಿಲ್ಲ. ಅಂದಿನಿಂದ ಇಂದಿನವರೆಗೆ ನಲವತ್ತೊಂದು ವರ್ಷದಲ್ಲಿ ಒಂದು ಸುತ್ತೂ ತಿರುಗಿಲ್ಲ.

ನಿನ್ನ ಹೇಳಿಕೆಗೂ ಅಪ್ಪನ ಹೇಳಿಕೆಗೂ ನಡುವೆ ಐದೇ ಹಾಳೆ, ಒಂದೇ ದಾರದಲ್ಲಿ ಹೊಲಿದವು. ಜಪ್ತಿ ಪುಸ್ತಕ ಪಕ್ಕದ ಮೇಜಿನ ಮೇಲಿತ್ತು. ಆ ಶುಕ್ರವಾರ ಮಧ್ಯಾಹ್ನ ಠಾಣೆಯಲ್ಲಿ ಯಾವನಾದರೂ ಒಬ್ಬ ಐದು ಹಾಳೆ ತಿರುವಿದ್ದರೆ ಒಂದು ಜೀವ ಉಳಿಯುತ್ತಿತ್ತು. ಕಾಗದದ ಕೆಲಸ ಮಾಡುವವಳಾಗಿ ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನಾವು ಬರೆಯುತ್ತೇವೆ, ಹೊಲಿಯುತ್ತೇವೆ, ಓದುವುದಿಲ್ಲ.

ಶುಕ್ರವಾರ ಸಂಜೆಯದನ್ನು ನೀನು ನನಗೆ ಎಂದೂ ಹೇಳಿಲ್ಲ. ಅವನಿಗೆ ಆಗಬೇಕಾದ್ದು ಆಯಿತು ಎನ್ನುತ್ತಿದ್ದೆ, ಅಷ್ಟೆ. ಆಗಿದ್ದು ಏನು ಎಂದು ಈಗ ಓದಿದ್ದೇನೆ.

ನೀನು ಶವಾಗಾರದಿಂದ ನೇರ ಕಾರ್ಖಾನೆಗೆ ಬಂದಿದ್ದೆ, ಚಿಕ್ಕಮ್ಮನ ಗೂಟದಲ್ಲಿ ನೇತಾಡುತ್ತಿದ್ದ ಸ್ವೆಟರು ತೆಗೆದುಕೊಳ್ಳಲು. ಪಾಳಿ ಬಿಡುವ ಹೊತ್ತು. ಸಾಣೆಯವನು ಗೇಟಿಗೆ ಬಂದ. ಕಟಿಂಗ್ ಕೋಣೆಯ ಹನ್ನೆರಡು ಕತ್ತರಿಗಳನ್ನು ಅವನು ಹಿಂದಿನ ಶನಿವಾರ ಒಯ್ದು, ಭಾನುವಾರವೇ ಸಾಣೆ ಹಿಡಿದು ಇಟ್ಟಿದ್ದ. ಚಕ್ರ ಹೋದ ಮೇಲೆ ಭಯದಿಂದ ಮನೆಯಲ್ಲೇ ಇದ್ದವನು, ಮೊಂಡ ಕತ್ತರಿಯಲ್ಲಿ ಹೆಂಗಸರ ಬೆರಳು ಬಾತುಕೊಳ್ಳುತ್ತವೆ ಎಂದು ಹೆಂಡತಿಗೆ ಹೇಳಿ ಹೊರಟಿದ್ದ. ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅದರಲ್ಲಿ ಒಂದು ನಿನ್ನದು.

ನಲವತ್ತಮೂರು ಜನರ ಹೇಳಿಕೆ ಇದೆ. ನಲವತ್ತೆರಡು ಜನ ಏನೂ ನೋಡಿಲ್ಲ ಸ್ವಾಮಿ, ನಾನು ಹಿಂದೆ ಇದ್ದೆ ಅಂದಿದ್ದಾರೆ. ಎಲ್ಲರೂ ಹಿಂದೆ ಇದ್ದರೆ ಮುಂದೆ ಇದ್ದದ್ದು ಯಾರು? ಗೇಟು ಕಾಯುತ್ತಿದ್ದ ಮುದುಕರು ಒಬ್ಬರೇ ನಿಜ ಹೇಳಿದ್ದಾರೆ. ಸತ್ತ ಹುಡುಗಿಯ ಅಕ್ಕ ಇವ್ನೇ ಇವ್ನೇ ಅಂತ ಕೂಗಿದ್ಲು, ಕಾಲಿಂದ ಚಪ್ಪಲಿ ತೆಗೆದು ಕೆನ್ನೆಗೆ ಬಿಟ್ಲು, ಸುತ್ತಿದ್ದ ಬಟ್ಟೆ ಬಿಚ್ಕೊಂಡು ಕತ್ರಿಗಳು ನೆಲಕ್ಕೆ ಬಿದ್ವು, ಅಷ್ಟೇ ಸಾಕಾಯ್ತು ಜನಕ್ಕೆ, ಆಮೇಲೆ ಯಾರು ಎಲ್ಲಿ ಹೊಡೆದ್ರೋ ದೇವರೇ ಬಲ್ಲ ಅಂತ. ಬಾರು ಕಿತ್ತಿದ್ದ ಚಪ್ಪಲಿ ಒಂದೇ ದಿನಕ್ಕೆ ಹೊಡೆಯುವಷ್ಟು ಗಟ್ಟಿಯಾಗಿತ್ತಲ್ಲ ಅಮ್ಮಾ.

ಡಾಕ್ಟರು ಅವನ ಮೈಮೇಲೆ ಅರವತ್ತೊಂದು ಗಾಯ ಎಣಿಸಿದ್ದಾರೆ. ಕಬ್ಬಿಣದ ಸರಳು, ಸೈಕಲ್ಲಿನ ಪಂಪು, ರಸ್ತೆಯಿಂದ ಕಿತ್ತ ಕಲ್ಲು. ದವಡೆ ಮೂರು ಕಡೆ ಮುರಿದಿತ್ತು. ಎಡಗಣ್ಣು ಇರಲಿಲ್ಲ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಬಲಗೈಯ ಐದೂ ಬೆರಳುಗಳ ಮೇಲೆ ಯಾರೋ ಹಿಮ್ಮಡಿ ಒತ್ತಿ ನಿಂತಿದ್ದರು. ಅವನು ಸಾಯುವವರೆಗೂ ಒಂದೇ ಮಾತು ಕೂಗುತ್ತಿದ್ದನಂತೆ, ನನ್ ಚಕ್ರ ಠಾಣೇಲಿದೆ, ಹೋಗಿ ಕೇಳ್ರಪ್ಪಾ, ನನ್ ಚಕ್ರ ಠಾಣೇಲಿದೆ ಅಂತ. ಜನ ಹುಚ್ಚು ಹಿಡಿದಿದೆ ಅಂದುಕೊಂಡರು. ಅಂಗಿಯ ಜೇಬಿನಲ್ಲಿ ಠಾಣೆಯ ರಸೀದಿ ಇತ್ತು. ಅದು ನೆತ್ತರಿಗೆ ಅಂಟಿ, ಒಣಗಿ, ಕಟ್ಟಿನಲ್ಲಿ ಇವತ್ತಿಗೂ ಇದೆ. ನಾನು ಕೈಯಲ್ಲಿ ಹಿಡಿದಿದ್ದೇನೆ. ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಇನ್ನು ನಾನು ಬರೆಯುವುದನ್ನು ನಿಧಾನವಾಗಿ ಓದು. ಅರವತ್ತು ಗಾಯ ಹೊಡೆತದವು. ಅರವತ್ತೊಂದನೆಯದು ಸೀಳು. ಎಡಗಿವಿಯ ಕೆಳಗೆ ಶುರುವಾಗಿ ಬಲಕ್ಕೆ. ಅವನ ಬಾಯೊಳಗೆ, ಮುರಿದ ಹಲ್ಲುಗಳ ಹಿಂದೆ, ಯಂತ್ರ ಒರೆಸುವ ಹತ್ತಿಚಿಂದಿ.

ಆ ಚಿಂದಿಯ ವಿಷಯ ಡಾಕ್ಟರು, ಠಾಣೆಯ ಇಬ್ಬರು, ಕೊಲೆಗಾರ, ಇಷ್ಟು ಜನರ ಹೊರತು ಯಾರಿಗೂ ಗೊತ್ತಿರಲಿಲ್ಲ. ಮುಸ್ಸಂಜೆಯವನು ಅವತ್ತು ಆ ಗುಂಪಿನಲ್ಲಿದ್ದ. ಯಂತ್ರ ಒರೆಸುವ ಹತ್ತಿ ಯಾರ ಜೇಬಿನಲ್ಲಿ ಇರುತ್ತದೆ ಎಂದು ನಿನಗೇ ಗೊತ್ತು, ನೀನೂ ಅದೇ ಕಾರ್ಖಾನೆಯವಳು. ಅವನು ನಿನ್ನಿಂದ ಮಾರು ದೂರದಲ್ಲಿ ನಿಂತು, ನೀನು ಬೆರಳು ತೋರಿಸಿದ್ದನ್ನು ನೋಡಿ, ಜನ ಹೊಡೆಯುವವರೆಗೆ ಕಾದು, ಕೊನೆಗೆ ಬಗ್ಗಿ ತನ್ನ ಕೆಲಸ ಮುಗಿಸಿಕೊಂಡ. ನಿನ್ನ ಬೆರಳು ಅವನ ಪಾಲಿಗೆ ಬಿಡುಗಡೆಯ ಆದೇಶವಾಯಿತು. ಇಲ್ಲಿ ಅಕ್ಷರ ಕೆಟ್ಟಿದ್ದರೆ ಬೈಯಬೇಡ.

ಠಾಣೆಯವರಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಸಾಣೆಯವನು ನಿರಪರಾಧಿ ಎಂದರೆ ನಡುಬೀದಿಯಲ್ಲೇ ಸಾವಿರ ಜನರ ಮುಂದೆ ಅವನು ಸಾಯುವಾಗ ನೀವೆಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಕಟ್ಟಿನ ಮೇಲೆ ಮುಕ್ತಾಯ ಎಂದು ಬರೆದರು. ಇಪ್ಪತ್ತೆರಡು ದಿನಗಳಾದ ಮೇಲೆ ಇನ್ನೊಂದು ಹೆಣ ಬಂತು, ಕ್ಯಾಂಟೀನಿನ ಅಡುಗೆಯವಳದು. ಗಾಜಿನ ಜಾಡಿ ಹಿಡಿದು ಮೆಟ್ಟಿಲಿನಿಂದ ಬಿದ್ದು ಗಂಟಲು ಕೊಯ್ದುಕೊಂಡಳು, ಅಪಘಾತ ಎಂದು ಬರೆದಿದ್ದಾರೆ. ಡಾಕ್ಟರು ತಮ್ಮ ದುಂಡನೆಯ ಅಕ್ಷರದಲ್ಲಿ, ಬಾಯಲ್ಲಿ ಹತ್ತಿಚಿಂದಿ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಮೆಟ್ಟಿಲಿನಿಂದ ಬೀಳುವವಳು ತನ್ನ ಬಾಯಿಗೆ ತಾನೇ ಹತ್ತಿ ತುರುಕಿಕೊಳ್ಳುವುದಿಲ್ಲ. ಅಲ್ಲಿಂದ ಮುಂದೆ ಏನೂ ಇಲ್ಲ. ಅವನು ಊರು ಬಿಟ್ಟನೋ, ಸತ್ತನೋ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದನೋ ನನಗೆ ತಿಳಿಯದು. ಅವನು ಯಾರು ಎಂದು ಕಂಡುಹಿಡಿಯಲು ನನ್ನಿಂದ ಆಗಲಿಲ್ಲ. ಯಾರಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

ಇಲ್ಲಿಯವರೆಗೆ ನಿನ್ನ ತಪ್ಪು ಬರೆದೆ. ಈಗ ನನ್ನದು.

ಸಾಣೆಯವನಿಗೆ ಒಬ್ಬಳು ಮಗಳಿದ್ದಾಳೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಾಳೆ, ಮಂಗಳವಾರ ರಜೆ. ಪ್ರತಿ ಮಂಗಳವಾರ ಹತ್ತೂವರೆಗೆ ನಮ್ಮ ಕಿಟಕಿಗೆ ಬರುತ್ತಾಳೆ, ತಂದೆಯ ಕಟ್ಟಿನ ನಕಲು ಬೇಕೆಂದು ಅರ್ಜಿ ಹಾಕಿದ್ದಾಳೆ. ಕಾಗದ ಗಿರಣಿಗೆ ಹೋಗುತ್ತದೆ ಎಂದು ಪತ್ರಿಕೆಯಲ್ಲಿ ಓದಿ ಓಡಿ ಬಂದವಳು. ಮೊದಲ ಸಲ ಬಂದಾಗ ಕಟ್ಟು ನನ್ನ ಮೇಜಿನ ಖಾನೆಯಲ್ಲೇ ಇತ್ತು, ಓದಿ ಮುಗಿಸಿ ನಾಲ್ಕು ದಿನವಾಗಿತ್ತು. ಸಿಕ್ತಾ ಮೇಡಂ ಅಂದಳು. ಇಲ್ಲ, ಹುಡುಕ್ತಾ ಇದೀವಿ ಅಂದೆ.

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಮರೆವಿನವರ ಗಾದೆ. ನಾನು ಮರೆತಿರಲಿಲ್ಲ. ಅವಳು ಎಂದೂ ಜೋರು ಮಾಡಲಿಲ್ಲ. ನನ್ನ ಸುಸ್ತು ಮುಖ ನೋಡಿ, ಪಾಪ ನಿಮ್ಗೂ ಧೂಳಲ್ಲಿ ಕೆಲ್ಸ ಅಂತ ಒಂದು ಪೊಟ್ಟಣ ಬಿಸ್ಕತ್ತು ತಂದುಕೊಟ್ಟಳು. ತಿಂದೆ ಅಮ್ಮಾ. ಅವಳಿಗೆ ಸುಳ್ಳು ಹೇಳಿ ಅವಳ ಬಿಸ್ಕತ್ತು ತಿಂದೆ.

ಅವಳ ತಾಯಿಗೆ ಎಂಬತ್ತೊಂದು ವರ್ಷ, ಹಾಸಿಗೆ ಹಿಡಿದಿದ್ದರು. ದಿನಾ ಪೇಪರು ಬಂತಾ, ಪೇಪರು ಬಂತಾ ಅಂತ ಕೇಳ್ತಾಳೆ, ಒಂದ್ಸಲ ಓದಿ ಹೇಳ್ಬಿಟ್ರೆ ಸಾಕು ಅಂತ ಮಗಳು ಹೇಳುತ್ತಿದ್ದಳು. ನಲವತ್ತೊಂದು ವರ್ಷ ಆ ಹೆಂಗಸು ಕೊಲೆಗಾರನ ಹೆಂಡತಿಯಾಗಿ ಬದುಕಿದ್ದರು. ನೀರು ಹಿಡಿಯಲು ಹೋದರೆ ಜನ ಕೊಡ ಒಡೆಯುತ್ತಿದ್ದರಂತೆ, ಬಾಗಿಲಿಗೆ ಕತ್ತರಿಯ ಚಿತ್ರ ಬರೆಯುತ್ತಿದ್ದರಂತೆ. ಒಂಬತ್ತನೇ ಮಂಗಳವಾರ ಅವಳು ಬಂದು, ಅಮ್ಮ ಶುಕ್ರವಾರ ಹೋದ್ಲು ಅಂದಳು. ಅಮ್ಮಂಗೆ ಇನ್ನ ಬೇಡ, ನನಗೆ ಬೇಕು, ಹುಡುಕ್ತಾ ಇರಿ ಅಂದಳು.

ಅವತ್ತು ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದೆ. ನಿನ್ನ ಹೇಳಿಕೆಯ ಹಾಳೆ ಬಿಚ್ಚಿ ಒಲೆಯ ಮುಂದೆ ಹಿಡಿದೆ. ಅಂಚು ಕಪ್ಪಾಗುವವರೆಗೆ ಹಿಡಿದಿದ್ದೆ. ಕೈ ಹಿಂದೆ ತೆಗೆದದ್ದು ಯಾವ ದೊಡ್ಡ ಮನಸ್ಸಿನಿಂದಲೂ ಅಲ್ಲ. ಮುದುಕಿ ಸತ್ತಾಗಿದೆ, ಈಗ ಸುಟ್ಟರೆ ಅದು ಯಾರನ್ನು ಉಳಿಸಲು ಎಂದು ಯೋಚಿಸಿದೆ, ಅಷ್ಟೆ. ಉಳಿಯುವುದು ನಿನ್ನ ಹೆಸರು, ಅದರ ಜೊತೆ ನನ್ನದು. ನೀನು ನಿನ್ನ ಗುಟ್ಟಿಗೆ ಒಂದು ಸುಳ್ಳು ಹೇಳಿದೆ, ಒಬ್ಬ ಸತ್ತ. ನಾನು ನಿನ್ನ ಮಾನಕ್ಕೆ ಎಂಟು ಸುಳ್ಳು ಹೇಳಿದೆ, ಅವನ ಹೆಂಡತಿ ಆ ಕಾಗದ ಕಾಣದೆ ಸತ್ತಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಹೀಗೆ ಅನ್ನಿಸಿಕೊಂಡೆವಲ್ಲ ಎಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಆಮೇಲೂ ಇನ್ನೊಂದು ಮಂಗಳವಾರ ಇಲ್ಲ ಅಂದೆ. ಧೈರ್ಯ ಒಂದೇ ದಿನಕ್ಕೆ ಬರುವುದಿಲ್ಲ. ಕಳೆದ ಮಂಗಳವಾರ ಅವಳನ್ನು ಒಳಗೆ ಕರೆದು, ಕುರ್ಚಿ ಹಾಕಿ, ಕಟ್ಟು ಮುಂದಿಟ್ಟೆ. ಇನ್ನೂರ ಹನ್ನೆರಡನೇ ಹಾಳೆ ತೆಗೆದು, ಇದು ನಮ್ಮಮ್ಮ ಅಂದೆ. ಮೂರು ತಿಂಗಳಿಂದ ಇದು ನನ್ನ ಹತ್ತಿರವೇ ಇತ್ತು ಎಂದೂ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮೊದಲ ಹಾಳೆಯಿಂದ ಓದಲು ಶುರು ಮಾಡಿದಳು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು. ರಸೀದಿ ಬಂದಾಗ ಬೆರಳು ಹಿಂದಕ್ಕೆ ತೆಗೆದಳು. ಅದನ್ನು ಮುಟ್ಟಲಿಲ್ಲ. ಆಫೀಸು ಮುಚ್ಚುವ ಹೊತ್ತಿಗೆ ಮುಗಿಸಿ ನನ್ನನ್ನು ಒಂದೇ ಮಾತು ಕೇಳಿದಳು. ನಿಮ್ಮ ತಾಯಿ ಇದಾರಾ ಅಂತ. ಇದ್ದಾರೆ ಅಂದೆ.

ಸಾಹೇಬರಿಗೂ ಎಲ್ಲ ಹೇಳಿಬಿಟ್ಟೆ. ನನ್ನ ಮೇಲೆ ವಿಚಾರಣೆ ಇದೆ, ಕೆಲಸದ್ದು ಆಮೇಲೆ ನೋಡೋಣ. ಅವರು ಹೇಳುವುದು ಇಷ್ಟು. ಒಂದು ಹಳೆಯ ಕಾಗದ ಇನ್ನೊಂದನ್ನು ಅಲ್ಲಗಳೆದರೆ ಸಾಲದು. ಮುಕ್ತಾಯ ಎಂದು ಬರೆದದ್ದನ್ನು ತೆಗೆಯಬೇಕಾದರೆ ಬದುಕಿರುವ ಸಾಕ್ಷಿಯೊಬ್ಬರು ನ್ಯಾಯಾಧೀಶರ ಮುಂದೆ ಬಂದು, ಅಂದು ನಾನು ಹೇಳಿದ್ದು ನಿಜವಲ್ಲ ಎನ್ನಬೇಕು. ಆಗ ಕಟ್ಟು ಉಳಿಯುತ್ತದೆ, ಸಾಣೆಯವನ ಹೆಸರಿನ ಮುಂದೆ ನಿರಪರಾಧಿ ಎಂದು ಬರೆಯುತ್ತಾರೆ. ಮೂವತ್ತನೇ ತಾರೀಖಿನೊಳಗೆ ಆಗದಿದ್ದರೆ ಅವನ ರಸೀದಿಯೂ ಲಾರಿ ಹತ್ತುತ್ತದೆ. ನಲವತ್ತಮೂರು ಜನರ ವಿಳಾಸ ಹುಡುಕಿದೆ. ಗೇಟಿನ ಮುದುಕರು ಹೋಗಿ ಮೂವತ್ತು ವರ್ಷವಾಯಿತು. ಕೆಲವರು ಸತ್ತಿದ್ದಾರೆ, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ, ಇಬ್ಬರಿಗೆ ತಮ್ಮ ಮಕ್ಕಳ ಹೆಸರೇ ನೆನಪಿಲ್ಲ. ಮುಂದೆ ನಿಂತಿದ್ದವಳು, ನೆನಪಿರುವವಳು, ನೀನೊಬ್ಬಳೇ.

ಎರಡೇ ಮಾತು ಸಾಕು. ಗುರುವಾರ ಸಂದಿಯಲ್ಲಿ ಚಕ್ರದ ಸದ್ದು ಕೇಳಿಸಲಿಲ್ಲ. ಶುಕ್ರವಾರ, ಎಲ್ಲರೂ ಹೊಡೆದು ಹಿಂದೆ ಸರಿದ ಮೇಲೆ, ಬಗ್ಗಿದವನು ಇಂಥವನು. ಎರಡನೆಯದು ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಆದರೆ ನನಗೆ ಒಂದು ಅನುಮಾನವಿದೆ. ನೀನು ಆ ವಾರದ ನಂತರ ಕಾರ್ಖಾನೆಗೆ ಕಾಲಿಡಲಿಲ್ಲ, ಉಳಿದ ಸಂಬಳ ತರಲೂ ಅಪ್ಪನನ್ನು ಕಳಿಸಿದೆ. ದುಃಖಕ್ಕೆ ಮಾತ್ರವಾ ಅಮ್ಮಾ?

ನಿನ್ನನ್ನು ಜೈಲಿಗೆ ಹಾಕುವುದಿಲ್ಲ ಎಂದು ಸಾಹೇಬರು ಹೇಳಿದರು. ನಾನು ಮಾತು ಕೊಡಲಾ? ಕೊಡಲಾರೆ, ನನಗೆ ಕಾನೂನು ಗೊತ್ತಿಲ್ಲ. ಪಕ್ಕದ ಮನೆಯವರು ಏನು ಅನ್ನುತ್ತಾರೆ ಎಂದರೆ, ಅನ್ನುತ್ತಾರೆ. ಕೆಟ್ಟದಾಗಿಯೇ ಅನ್ನುತ್ತಾರೆ. ಆದರೂ ನೀನು ಹೇಳಬೇಕು. ನನಗೆ ಊಟ ಮಾಡಿಸಿದ, ಜಡೆ ಹಾಕಿದ, ಪರೀಕ್ಷೆಯ ದಿನ ಬಾಗಿಲವರೆಗೂ ಬಂದು ಹೆದರಬೇಡ್ವೇ ಅಂದ ಅಮ್ಮ ನೀನೇ. ನಾನು ನಿನ್ನನ್ನು ಪ್ರೀತಿಸುವುದು ಇದನ್ನು ಓದಿದ ಮೇಲೆ ಕಡಿಮೆಯಾಗುತ್ತದೆ ಎಂದು ಕಾದು ನೋಡಿದೆ. ಆಗಲಿಲ್ಲ. ಸಿಟ್ಟು ಇದೆ, ಬೇಕಾದಷ್ಟಿದೆ. ಎರಡೂ ಒಂದೇ ಹೊಟ್ಟೆಯಲ್ಲಿ ಇರುತ್ತವೆ ಎಂದು ಈಗ ಗೊತ್ತಾಗಿದೆ.

ಮಂಡಿನೋವಿನ ಮಾತ್ರೆ ಮರೆಯಬೇಡ.

ನಿನ್ನ
ಇಲಿಮರಿ

ಮರೆತ ಮಾತು: ಈ ಕಾಗದ ಅಂಚೆಯಲ್ಲಿ ಬರಲಿಲ್ಲ, ಒಬ್ಬರು ಮನೆಗೇ ತಂದುಕೊಟ್ಟರು. ನಮ್ಮ ಆಫೀಸಿನವಳು ಎಂದು ಹೇಳಿರಬೇಕು, ನೀನು ಒಳಗೆ ಕರೆದು ಕೂರಿಸಿರಬೇಕು. ಹಾಗೆ ಹೇಳಿ ಎಂದು ನಾನೇ ಹೇಳಿಕೊಟ್ಟೆ, ಇಲ್ಲದಿದ್ದರೆ ನೀನು ಬಾಗಿಲು ತೆರೆಯುತ್ತಿರಲಿಲ್ಲ. ಅವಳು ಸಾಣೆಯವನ ಮಗಳು. ತಂದೆ ಕತ್ತರಿ ಕೊಟ್ಟು ಬರುತ್ತೇನೆಂದು ಹೋದಾಗ ಅವಳಿಗೆ ಆರು ವರ್ಷ. ನೀನು ಇಷ್ಟು ಹೊತ್ತು ಓದಿದ್ದನ್ನು ಅವಳು ನೋಡುತ್ತ ಕೂತಿದ್ದಾಳೆ. ತಾನಾಗಿ ಏನೂ ಕೇಳುವುದಿಲ್ಲ ಎಂದಿದ್ದಾಳೆ. ಮೊದಲ ಮಾತು ನೀನೇ ಆಡಬೇಕು ಅಮ್ಮಾ.